ಅಮ್ಮನ ಹೆಸರಿನ ದೀರ್ಘ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಆಡಳಿತದಲ್ಲಿ ಭ್ರಷ್ಟಾಚಾರ ಮತ್ತು ಯುವಜನರು’. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪ್ರತಿಭಾ ಕಾರಂಜಿಯ ಭಾಷಣ ಸ್ಪರ್ಧೆಗೂ ಹೆಚ್ಚುಕಮ್ಮಿ ಇದೇ ವಿಷಯ ಕೊಟ್ಟಿದ್ದರು. ಮೇಷ್ಟ್ರು ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿ, ಕೈ ಎತ್ತಿ ಎತ್ತಿ ಮಾತಾಡಿ, ಎರಡನೇ ಬಹುಮಾನ ತಗೊಂಡಿದ್ದೆ. ಬಹುಮಾನಕ್ಕೆ ಬಂದ ಸ್ಟೀಲ್ ಲೋಟ ಇನ್ನೂ ಮನೆಯಲ್ಲಿದೆ. ಈಗ ಅಂಥ ಭಾಷಣ ನನ್ನ ಕೈಲಿ ಆಗುವುದಿಲ್ಲ. ಯಾಕೆಂದರೆ ಮೂರು ವರ್ಷದ ಹಿಂದೆ ನಾನೇ ಲಂಚ ಕೊಟ್ಟಿದ್ದೇನೆ. ಅದನ್ನು ಮುಚ್ಚಿಟ್ಟುಕೊಂಡು ಇಲ್ಲಿ ನಿಂತು ಯುವಜನರಿಗೆ ಬುದ್ಧಿ ಹೇಳುವುದು ಸರಿ ಕಾಣಲಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆ ಕಥೆಗೆ ಬರುವ ಮೊದಲು ಇನ್ನೊಂದು ಸಂಗತಿ ಹೇಳಬೇಕು. 2006ರಲ್ಲಿ ಸಿಇಟಿ ಕೌನ್ಸೆಲಿಂಗಿಗೆ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿದ್ದೆ. ಮಲ್ಲೇಶ್ವರದ ಹದಿನೆಂಟನೇ ಕ್ರಾಸು. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಜಾವ ಇಳಿದೆವು. ಅಪ್ಪ ಬನಿಯನ್ನಿನ ಒಳಜೇಬಿನಲ್ಲಿ ಫೀಸಿನ ದುಡ್ಡನ್ನು ಒಂದು ಕಡೆ, ರಾಗಿ ಮಾರಿದ ಮೂರು ಸಾವಿರವನ್ನು ಇನ್ನೊಂದು ಕಡೆ ಇಟ್ಟುಕೊಂಡಿದ್ದರು. ಆ ಮೂರು ಸಾವಿರ ‘ಕೊಡೋರಿಗೆ’. ಒಳಗೆ ಗೋಡೆಯ ಮೇಲಿದ್ದ ಪರದೆಯಲ್ಲಿ ಯಾವ ಕಾಲೇಜಿನಲ್ಲಿ ಯಾವ ಬ್ರಾಂಚಿನಲ್ಲಿ ಎಷ್ಟು ಸೀಟು ಉಳಿದಿವೆ ಎಂದು ಬರುತ್ತಿತ್ತು. ಒಬ್ಬರು ತಗೊಂಡರೆ ಅಲ್ಲಿ ಒಂದು ಕಡಿಮೆಯಾಗುತ್ತಿತ್ತು. ನನ್ನ ರ‍್ಯಾಂಕ್ ಬಂತು, ಸೀಟು ಆರಿಸಿಕೊಂಡೆ, ಕಾಗದ ಕೈಗೆ ಬಂತು. ಹೊರಗೆ ಬಂದ ಮೇಲೆ ಅಪ್ಪ ಕೇಳಿದರು, ‘ಇಲ್ಲಿ ಯಾರಿಗೆ ಕೊಡಬೇಕಿತ್ತು?’ ಯಾರಿಗೂ ಇಲ್ಲಪ್ಪ ಅಂದೆ. ಅವರಿಗೆ ಸಮಾಧಾನವಾಗುವ ಬದಲು ಗಾಬರಿಯಾಯಿತು. ‘ಹಂಗಾದ್ರೆ ಆಮೇಲೆ ತಕರಾರು ತೆಗೀತಾರೇನೋ’ ಅಂತ ಬಸ್‌ಸ್ಟ್ಯಾಂಡಿನ ತನಕ ಅನುಮಾನ ಪಟ್ಟರು. ಕಡೆಗೆ ಆ ಮೂರು ಸಾವಿರದಲ್ಲಿ ನನಗೊಂದು ಜೊತೆ ಷೂ ಬಂತು, ಅಮ್ಮನಿಗೊಂದು ಸೀರೆ ಬಂತು.

ನಮ್ಮ ರಾಜ್ಯದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಅದಕ್ಕೂ ಮೊದಲು ಕ್ಯಾಪಿಟೇಶನ್ ಫೀ ಎಂಬ ಮಾತಿಗೆ ಇಡೀ ದೇಶದಲ್ಲಿ ಕರ್ನಾಟಕದ ಹೆಸರೇ ಕೇಳಿಬರುತ್ತಿತ್ತು. ಸಿಇಟಿ ಬಂದ ಮೇಲೆ ಕಾಲೇಜುಗಳೇನೂ ಧರ್ಮಛತ್ರಗಳಾಗಲಿಲ್ಲ, ಮ್ಯಾನೇಜ್‌ಮೆಂಟ್ ಸೀಟು ಈಗಲೂ ಇದೆ. ಆದರೆ ಸರ್ಕಾರದ ಪಾಲಿನ ಸೀಟಿನ ಮಟ್ಟಿಗೆ, ನನ್ನಂಥ ಹುಡುಗನ ಅಪ್ಪ ಯಾರ ಕೈ ಬಿಸಿ ಮಾಡಬೇಕೆಂದು ಹುಡುಕಿದರೂ ಅಲ್ಲಿ ಆ ಕೈ ಸಿಗುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಪ್ರಾಥಮಿಕ ಶಾಲೆಗಳ ಶಿಕ್ಷಕರ ನೇಮಕವೂ ನಡೆಯಿತು. ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದ ಕಾಲ. ಅಂಕದ ಆಧಾರದ ಮೇಲೆ ಪಟ್ಟಿ ಮಾಡಿ, ಲಕ್ಷದ ಹತ್ತಿರ ಹತ್ತಿರ ಶಿಕ್ಷಕರನ್ನು ತಗೊಂಡರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿನ ಪ್ರೈಮರಿ ಶಾಲೆಗೆ ಬಂದ ಮೇಡಂ ಹಾಗೆ ಬಂದವರು. ಒಂದು ರೂಪಾಯಿ ಕೊಡದೆ ಕೆಲಸ ಸಿಕ್ಕಿತೆಂದು ಅವರು ಎಷ್ಟು ಸಲ ಹೇಳುತ್ತಿದ್ದರೆಂದರೆ ನಮಗೆಲ್ಲ ಅದು ಮಗ್ಗಿಯ ಹಾಗೆ ಬಾಯಿಗೆ ಬಂದಿತ್ತು. ಗೋವಿಂದೇಗೌಡರು ತೀರಿಕೊಂಡದ್ದು 2016ರಲ್ಲಿ. ಆ ದಿನ ಫೋನ್ ಮಾಡಿದಾಗ ಮೇಡಂ ಮಾತಾಡಲಾರದೆ ಅತ್ತರು. ಒಬ್ಬ ಮಂತ್ರಿ ಹೋದರೆಂದು ಸಂಬಂಧವಿಲ್ಲದ ಊರಿನ ಟೀಚರೊಬ್ಬರು ಅಳುವುದನ್ನು ನಾನು ಇನ್ನೊಮ್ಮೆ ನೋಡಿಲ್ಲ. ಆಮೇಲೆ 2007ರಲ್ಲಿ ಶಿಕ್ಷಕರ ವರ್ಗಾವಣೆಗೂ ಕಾಯ್ದೆ ಬಂತು, ಕೌನ್ಸೆಲಿಂಗ್ ಬಂತು. ಅದರಲ್ಲಿರುವ ಗೋಳು ನನಗಿಂತ ಇಲ್ಲಿ ಕೂತಿರುವ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ಆದರೂ ಬೇರೆ ಇಲಾಖೆಯವರ ಹಾಗೆ ಪ್ರತಿ ವರ್ಗಾವಣೆಗೂ ಮಂತ್ರಿಯ ಮನೆ ಬಾಗಿಲು ಕಾಯುವುದು ತಪ್ಪಿದೆ. ಕುರ್ಚಿಗೆ ದುಡ್ಡು ಕೊಟ್ಟು ಬಂದವನು ಅದನ್ನು ಎಲ್ಲಿಂದ ವಾಪಸು ಪಡೆಯುತ್ತಾನೆ ಎಂಬುದು ಈ ಊರಿನಲ್ಲಿ ಎಮ್ಮೆ ಕಾಯುವವನಿಗೂ ಗೊತ್ತಿದೆ.

ಇದನ್ನೆಲ್ಲ ನೋಡಿ ಬೆಳೆದ ನಾನು, ಬಿಇ ಮುಗಿಸುವ ಹೊತ್ತಿಗೆ, ಎಲ್ಲ ಕಡೆ ಕಂಪ್ಯೂಟರ್ ಕೂರಿಸಿಬಿಟ್ಟರೆ ಲಂಚ ತಾನಾಗಿ ಹೋಗುತ್ತದೆ ಎಂದು ನಂಬಿಬಿಟ್ಟಿದ್ದೆ. ‘ಭೂಮಿ’ ಯೋಜನೆಯ ಉದಾಹರಣೆ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಹಿರಿಯರಿಗೆ ನೆನಪಿರಬೇಕು, ಪಹಣಿ ಬೇಕೆಂದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ದಫ್ತರ ಅವರ ಹತ್ತಿರ, ಅವರು ಎಲ್ಲಿದ್ದಾರೋ ದೇವರಿಗೇ ಗೊತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ಚೀಲದಲ್ಲಿದ್ದ ಆ ದಾಖಲೆ 2000–01ರ ಸುಮಾರಿಗೆ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂತು. 15 ರೂಪಾಯಿ ಕಟ್ಟಿದರೆ ಪಹಣಿ. ರೈತನಿಗೂ ಕಾಣಲಿ ಎಂದು ಕೌಂಟರಿನ ಆಚೆಗೆ ಮುಖ ಮಾಡಿದ ಎರಡನೇ ಪರದೆಯನ್ನೂ ಇಟ್ಟಿದ್ದರು. ಮಲ್ಲೇಶ್ವರದ ಪರದೆಯ ಹಾಗೆಯೇ.

ಆದರೆ ಪಹಣಿ ತೆಗೆಯುವುದು ಬೇರೆ, ಪಹಣಿಯಲ್ಲಿ ಹೆಸರು ಬದಲಾಯಿಸುವುದು ಬೇರೆ. ತೆಗೆಯುವುದಕ್ಕೆ ಯಾರ ದಯೆಯೂ ಬೇಡ. ಬದಲಾಯಿಸಬೇಕಾದರೆ ವಂಶವೃಕ್ಷ ಬೇಕು, ವರದಿ ಬೇಕು, ಒಬ್ಬರ ಮೇಜಿನಿಂದ ಇನ್ನೊಬ್ಬರ ಲಾಗಿನ್ನಿಗೆ ಹೋಗಬೇಕು. ಪ್ರತಿಯೊಂದು ನಿಲ್ದಾಣದಲ್ಲೂ ಒಬ್ಬರು ‘ನೋಡೋಣ’ ಅನ್ನಬಹುದು. ಪಹಣಿಯಿಂದ ಹೊರಬಿದ್ದ ಲಂಚ ಪೋಡಿಯಲ್ಲಿ, ಹದ್ದುಬಸ್ತಿನಲ್ಲಿ, ಪೌತಿ ಖಾತೆಯಲ್ಲಿ ಹೋಗಿ ಕೂತುಕೊಂಡಿತು. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಅಪ್ಪ ಹೋದ ಮೇಲೆ ಜಮೀನು ಅಮ್ಮನ ಹೆಸರಿಗೆ ಮಾಡಿಸಲು ಎರಡು ದಿನ ರಜೆ ಹಾಕಿ ಬಂದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಮೊದಲ ದಿನ ‘ಸಾಹೇಬರು ಮೀಟಿಂಗಿಗೆ ಹೋಗಿದಾರೆ’. ಎರಡನೇ ದಿನ ‘ಸರ್ವರ್ ಡೌನ್’. ಸರ್ವರ್ ಡೌನ್ ಎಂದರೆ ಏನು ಅಂತ ನನಗೇ ಹೇಳುತ್ತಾರಲ್ಲ ಎಂದು ನಗು ಬಂತು, ಆದರೆ ನಗಲಿಲ್ಲ. ಹೊರಗೆ ಹೊಂಗೆಮರದ ಕೆಳಗೆ ಒಬ್ಬರು ಕೂತಿದ್ದರು. ‘ಬೆಂಗಳೂರಿಂದ ಬಂದಿದೀರಾ ಸಾರ್? ಓಡಾಡಿ ಯಾಕೆ ಕಷ್ಟಪಡ್ತೀರಿ’ ಅಂದರು. ಎಂಟು ಸಾವಿರಕ್ಕೆ ಮಾತಾಯಿತು. ನಾನು ಕೂತಲ್ಲೇ ಫೋನಿನಲ್ಲಿ ಕಳಿಸಿದೆ. ‘ಪೇಪರ್ ಖರ್ಚು’ ಎಂದು ಅದರಲ್ಲಿ ಬರೆದೂ ಬರೆದೆ, ನಾಚಿಕೆಯಿಲ್ಲದೆ. ಸಂಜೆ ಬಸ್ಸಿನಲ್ಲಿ ನನಗೆ ಅನಿಸಿದ್ದು ಪಶ್ಚಾತ್ತಾಪವಲ್ಲ. ರಜೆ ಉಳಿಯಿತಲ್ಲ ಎಂದು ಹಗುರಾಗಿತ್ತು. ಎಲ್ಲರೂ ತಿನ್ನುತ್ತಾರೆ, ಎಲ್ಲರೂ ಕೊಡುತ್ತಾರೆ, ನಾನೊಬ್ಬ ಹರಿಶ್ಚಂದ್ರನಾದರೆ ಏನು ಬಂತು ಎಂದುಕೊಂಡೆ. ಒಳಗಿದ್ದ ಯಾವ ಅಧಿಕಾರಿಯೂ ನನ್ನನ್ನು ದುಡ್ಡು ಕೇಳಿರಲಿಲ್ಲ. ಅವರು ಕೇಳಿಯೇ ಕೇಳುತ್ತಾರೆ ಎಂಬ ನನ್ನ ನಂಬಿಕೆಯೇ ಆ ಹೊಂಗೆಮರದ ಕೆಳಗಿನವರ ಬಂಡವಾಳ. ಆ ಎಂಟು ಸಾವಿರದಲ್ಲಿ ಒಳಗೆ ಎಷ್ಟು ಹೋಯಿತು, ಮರದ ಕೆಳಗೇ ಎಷ್ಟು ಉಳಿಯಿತು ಎಂಬುದಕ್ಕೆ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಖಾತೆಯೇನೋ ಆಯಿತು. ಆದರೆ ಶಾರದಮ್ಮ ಇದ್ದದ್ದು ಶರದಮ್ಮ ಆಗಿತ್ತು. ಒಂದು ದೀರ್ಘ ಹೋಗಿತ್ತು. ನಮ್ಮ ಕನ್ನಡ ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಒಂದು ದೀರ್ಘ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದರು, ಇಷ್ಟಕ್ಕೆಲ್ಲ ಕಳೆಯಬೇಕಾ ಎಂದು ನಾವು ಗೊಣಗುತ್ತಿದ್ದೆವು. ಸಾರ್, ಆ ಒಂದು ದೀರ್ಘದಿಂದ ಆಧಾರ್‌ಗೂ ಪಹಣಿಗೂ ಹೆಸರು ತಾಳೆಯಾಗದೆ ಅಮ್ಮನಿಗೆ ಬೆಳೆ ಸಾಲ ಸಿಗದೆ ಹೋಯಿತು. ಮರದ ಕೆಳಗಿನವರಿಗೆ ಫೋನ್ ಮಾಡಿದರೆ, ‘ತಿದ್ದುಪಡಿಗೆ ಬೇರೆ ಆಗ್ತದೆ ಸಾರ್’ ಅಂದರು. ನನ್ನ ಕೈಯಲ್ಲಿ ರಸೀದಿ ಇಲ್ಲ, ಅರ್ಜಿಯ ನಕಲಿಲ್ಲ, ಸ್ವೀಕೃತಿ ಇಲ್ಲ. ಯಾರನ್ನು ಏನಂತ ಕೇಳುವುದು? ದೂರು ಕೊಡೋಣವೆಂದರೆ ಅದಕ್ಕೂ ದಾರಿ ಮುಚ್ಚಿಕೊಂಡಿದ್ದೆ. 2018ರ ತಿದ್ದುಪಡಿಯ ಮೇಲೆ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ನನ್ನನ್ನು ಯಾರೂ ಬಲವಂತ ಮಾಡಿರಲಿಲ್ಲ, ಏಳು ದಿನವೂ ಕಳೆದಿತ್ತು.

ದೊಡ್ಡ ಮಟ್ಟದ ಭ್ರಷ್ಟಾಚಾರದ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ, ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದಾಗ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಅದೇ ಲೋಕಾಯುಕ್ತದಲ್ಲಿ ನಾಲ್ಕು ವರ್ಷದ ನಂತರ ಲೋಕಾಯುಕ್ತರ ಮಗನೇ ಬಂಧನವಾದ, ಲೋಕಾಯುಕ್ತರು ಕೆಳಗಿಳಿದರು. 2016ರಲ್ಲಿ ಎಸಿಬಿ ಮಾಡಿದರು, 2022ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಪಕ್ಷ ಯಾವುದಿದ್ದರೂ ಶೇಕಡಾವಾರು ಕಮಿಷನ್ನಿನ ಮಾತು ನಿಂತಿಲ್ಲ.

ಪಿಎಸ್‌ಐ ಪರೀಕ್ಷೆಯ ಹಗರಣದ ಬಗ್ಗೆ ಮಾತ್ರ ಸ್ವಲ್ಪ ಹೇಳುತ್ತೇನೆ, ಇಲ್ಲಿ ಕೂತಿರುವ ಹತ್ತನೇ ಕ್ಲಾಸಿನವರಲ್ಲಿ ಕೆಲವರಾದರೂ ಮುಂದೆ ಆ ಪರೀಕ್ಷೆ ಬರೆಯುವವರಿದ್ದೀರಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಕೆಲವರು ಉತ್ತರ ಪತ್ರಿಕೆಯಲ್ಲಿ ಜಾಗ ಖಾಲಿ ಬಿಟ್ಟು ಬಂದಿದ್ದರು, ಆಮೇಲೆ ಅದನ್ನು ತುಂಬಲಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ ಬಂಧಿಸಬೇಕಾಯಿತು. ಇದು ಬಯಲಿಗೆ ಬರಲು ಮುಖ್ಯ ಸಾಕ್ಷಿಯಾದದ್ದು ಏನು ಗೊತ್ತಾ? ಓಎಂಆರ್ ಹಾಳೆಯ ಕಾರ್ಬನ್ ಪ್ರತಿ. ಅಭ್ಯರ್ಥಿಯ ಕೈಗೆ ಕೊಡುವ ಆ ಪ್ರತಿಯಲ್ಲಿ ತುಂಬಿದ ಉತ್ತರ ಬೆರಳೆಣಿಕೆಯಷ್ಟು, ಬಂದ ಅಂಕ ಮಾತ್ರ ಬೆಟ್ಟದಷ್ಟು. ಮೇಲೆ ಕೂತವರು ಮೂಲ ಹಾಳೆಯನ್ನು ಏನು ಬೇಕಾದರೂ ಮಾಡಬಹುದಿತ್ತು, ಹೊರಗೆ ಹೋದ ನಕಲನ್ನು ತಿದ್ದಲು ಆಗಲಿಲ್ಲ. ಆದರೆ ಪರೀಕ್ಷೆ ರದ್ದಾದಾಗ ಹಗಲೂ ರಾತ್ರಿ ಓದಿ ನಿಯತ್ತಾಗಿ ಪಾಸಾದವರೂ ಕಳ್ಳರ ಜೊತೆಗೇ ಹೋದರು. ಬೀದಿಗಿಳಿದು ಪ್ರತಿಭಟನೆ ಮಾಡಿದರು, ಕೋರ್ಟಿಗೆ ಹೋದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಊರಲ್ಲಿ ಎಷ್ಟು ಜನ ಅವರನ್ನು ‘ನೀನೆಷ್ಟು ಕೊಟ್ಟಿದ್ದೆ’ ಎಂದು ಕೇಳಿರಬಹುದು, ಯೋಚನೆ ಮಾಡಿ.

ನಾವು ಸಾಫ್ಟ್‌ವೇರಿನವರು ಯಾವುದೇ ವ್ಯವಸ್ಥೆ ಮಾಡುವಾಗ ಲಾಗ್ ಇಡುತ್ತೇವೆ. ಯಾರು, ಯಾವಾಗ, ಏನು ಬದಲಾಯಿಸಿದರು ಎಂಬ ದಾಖಲೆ. ಅದನ್ನು ಬದಲಾಯಿಸಿದವನ ಕೈಯಲ್ಲೇ ಇಡುವುದಿಲ್ಲ. ಕಾರ್ಬನ್ ಪ್ರತಿ ಅಂದರೂ ಅದೇ, ಮಲ್ಲೇಶ್ವರದ ಗೋಡೆಯ ಪರದೆ ಅಂದರೂ ಅದೇ. ನಾನು ಎಂಟು ಸಾವಿರ ಕೊಟ್ಟ ದಿನ ನನ್ನ ಕೈಗೆ ಬರಬೇಕಿದ್ದ ಸ್ವೀಕೃತಿ ಚೀಟಿಯೂ ಅದೇ. ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿದೆ. ಅರ್ಜಿಗೆ 15 ಅಂಕಿಯ ನಂಬರು, ಕೆಲಸಕ್ಕೆ ಇಂತಿಷ್ಟು ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಆ ನೌಕರರ ಸಂಬಳದಿಂದ ಪರಿಹಾರ. 500 ರೂಪಾಯಿಗೆ ಯಾರು ಹೆದರುತ್ತಾರೆ ಎಂದು ನೀವು ನಗಬಹುದು. ಹೆದರುವುದು ನಂಬರಿಗೆ. ಅದಕ್ಕೇ ಕೆಲವು ಕಡೆ ‘ಅರ್ಜಿ ಇಲ್ಲೇ ಇಟ್ಟು ಹೋಗಿ, ಎಂಟ್ರಿ ಆಮೇಲೆ ಮಾಡ್ತೀವಿ’ ಅನ್ನುತ್ತಾರೆ.

ಹೋದ ತಿಂಗಳು ಅಮ್ಮನನ್ನು ಕರಕೊಂಡು ಅದೇ ಕಚೇರಿಗೆ ಹೋದೆ. ಹೊಂಗೆಮರದ ಕಡೆ ನೋಡಲಿಲ್ಲ. ತಿದ್ದುಪಡಿ ಅರ್ಜಿ ಕೊಟ್ಟು, ಎಂಟ್ರಿ ಮಾಡಿಕೊಡುವ ತನಕ ಇಲ್ಲೇ ಕೂತಿರುತ್ತೇವೆ ಅಂದೆ. ಎರಡು ಗಂಟೆ ಕೂತೆವು. ಅಮ್ಮ ಎಲೆ ಅಡಿಕೆ ಹಾಕಿಕೊಂಡು ಪಕ್ಕದ ಹೆಂಗಸಿನ ಜೊತೆ ಮಾತಿಗಿಳಿದರು. ಕಡೆಗೆ ಒಬ್ಬ ಚಿಕ್ಕ ವಯಸ್ಸಿನ ಕೇಸ್ ವರ್ಕರ್ ತಾನೇ ಎದ್ದು ಬಂದು, ‘ಕೊಡಿ ಅಮ್ಮ, ಹೆಸರು ಸರಿಯಾಗಿ ಹೇಳಿ’ ಎಂದು, ಅಮ್ಮ ಹೇಳಿದ್ದನ್ನು ಓದಿ ಕೇಳಿಸಿ ಟೈಪ್ ಮಾಡಿಕೊಂಡ. ಒಂದು ಪೈಸೆ ಕೇಳಲಿಲ್ಲ. ಮೂರು ವರ್ಷದ ಹಿಂದೆಯೂ ಅವನು ಅಲ್ಲೇ ಇದ್ದನೋ ಏನೋ. ನಾನು ಒಳಗೆ ಹೋಗಿ ಕೂತಿದ್ದರಲ್ಲವೇ ಗೊತ್ತಾಗುವುದು.

ಚೀಟಿ ಈಗ ನನ್ನ ಜೇಬಿನಲ್ಲಿದೆ. ಇದರಲ್ಲಿರುವ ತಾರೀಖು ಬರುವ ತಿಂಗಳು ಹನ್ನೆರಡು. ಹಳೆಯ ವಿದ್ಯಾರ್ಥಿ ಸಂಘದ ಸಭೆ ಅದಾದ ಮೇಲಿನ ಭಾನುವಾರ ಇದೇ ಕೊಠಡಿಯಲ್ಲಿದೆ. ಅರ್ಜಿ ಕೊಟ್ಟು ಕಾಯುತ್ತಿರುವವರು, ಕೊಟ್ಟೂ ಚೀಟಿ ಸಿಗದವರು, ಕಾಗದಪತ್ರ ಹಿಡಿದುಕೊಂಡು ಅಲ್ಲಿಗೆ ಬನ್ನಿ. ನನಗೆ ಗೊತ್ತಿರುವಷ್ಟು ಬರೆದುಕೊಡುತ್ತೇನೆ, ಗೊತ್ತಿಲ್ಲದ್ದನ್ನು ನಮ್ಮ ಬ್ಯಾಚಿನ ವಕೀಲರನ್ನು ಕೇಳೋಣ. ಅಮ್ಮನ ಹೆಸರಿಗೆ ದೀರ್ಘ ಬಂತೋ ಇಲ್ಲವೋ ಎಂಬುದನ್ನೂ ಅವತ್ತೇ ಹೇಳುತ್ತೇನೆ. ಬರದಿದ್ದರೆ ಮೇಲ್ಮನವಿಯನ್ನು ಕನ್ನಡ ಮೇಷ್ಟ್ರೇ ತಿದ್ದಿಕೊಡಬೇಕು, ಸಾರ್.