ಕಡಲ ದಾರಿಯ ಅತಿಥಿಗಳು



ಕಳೆದ ಫಾಲ್ಗುಣದಲ್ಲಿ ಹೆಗಲಿಗೊಂದು ಚೀಲ ತಗುಲಿಸಿ, ಮಂಗಳೂರಿನಿಂದ ಬಡಗಣಕ್ಕೆ ಕಡಲ ದಾರಿ ಹಿಡಿದೆ. ಮೂಲ್ಕಿಯ ಸಮೀಪ ಸಸಿಹಿತ್ಲು. ನಂದಿನಿ, ಶಾಂಭವಿ ನದಿಗಳು ಕಡಲನ್ನು ಸೇರುವ ತಾಣ. ಅಲ್ಲಿ ಹುಡುಗರು ಹಲಗೆಯ ಮೇಲೆ ನಿಂತು ತೆರೆಯೇರಿ ಬರುತ್ತಿದ್ದರು. ಸರ್ಫಿಂಗ್ ಎಂಬ ಈ ವಿದ್ಯೆಯನ್ನು ಮೂಲ್ಕಿಯಲ್ಲಿ 2004ರಿಂದ ಕಲಿಸುತ್ತಿದ್ದಾರೆ. ನನಗೂ ಹಲಗೆ ಕೊಟ್ಟರು. ಮೂರು ಬಾರಿ ಏರಿದೆ, ಮೂರು ಬಾರಿಯೂ ಬಿದ್ದೆ. ಮೇಷ್ಟರಿಗೇ ಪಾಠ ಹೇಳುವ ಸಂತೋಷ ಆ ಮಕ್ಕಳದಾಯಿತು.

ಸಂಜೆಗೆ ಕುಂದಾಪುರದ ಕೋಡಿ ತಲುಪಿದೆ. ಮೀನುಗಾರರ ಮನೆಯೊಂದರಲ್ಲಿ ಕುಡಿಯಲು ನೀರು ಬೇಡಿ, ನನ್ನ ಪರಿಚಯ ಹೇಳಿದೆ. “ಹ್ವಾಯ್ ಮಾಷ್ಟ್ರೇ, ಉಂಡ್ಕಂಡೇ ಹೋಯ್ನಿ” ಎಂದರು ಮನೆಯೊಡತಿ. ಕುಚ್ಚಲಕ್ಕಿ ಗಂಜಿ ಬಡಿಸಿದವರೇ ಜಗಲಿಯ ದೀಪ ಆರಿಸಿಬಿಟ್ಟರು!

ಕಾರಣವಿತ್ತು. ಎದುರಿನ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಯ ಮೊಟ್ಟೆಗಳಿದ್ದವು; ಸುತ್ತ ಬಲೆಯ ಬೇಲಿ. ಮರಿಗಳು ಹೊರಬರುವ ದಿನ ಹತ್ತಿರವಾಗಿತ್ತು. ಬೆಳಕು ಕಂಡತ್ತಲೇ ಕಡಲೆಂದು ಅವು ನಂಬುತ್ತವೆ. ಮನೆಯ ದೀಪದತ್ತ ತೆವಳಿದರೆ ಸಾಯುತ್ತವೆ.

ತಿಥಿ ನೋಡದೆ ಬರುವವನು ಅತಿಥಿ ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಅತಿಥಿಗಾಗಿ ದೀಪ ಹಚ್ಚುವುದನ್ನು ಬಲ್ಲೆ. ಆರಿಸುವುದೂ ಆತಿಥ್ಯವೆಂದು ಅಂದು ಕಲಿತೆ. ನೀವು ಆ ಕಡೆ ಹೋದರೆ, ರಾತ್ರಿ ಮರಳಿನ ಮೇಲೆ ಟಾರ್ಚು ಬಿಡಬೇಡಿ.