ಹಳೆಯ ಕಾರಿನ ಆರೈಕೆ

ಎತ್ತಿನ ಗಾಡಿಯಲ್ಲಿ ಓಡಾಡುತ್ತಿದ್ದ ನಮ್ಮ ಹಿರಿಯರು ದೂರದ ಊರಿಗೆ ಹೊರಡುವ ಮುನ್ನ ಎರಡು ಕೆಲಸಗಳನ್ನು ತಪ್ಪದೆ ಮಾಡುತ್ತಿದ್ದರು. ಎತ್ತುಗಳಿಗೆ ನೀರು ಕುಡಿಸುವುದು ಒಂದು; ಅಚ್ಚಿಗೆ ಕೀಲೆಣ್ಣೆ ಹಾಕುವುದು ಇನ್ನೊಂದು. ಎಣ್ಣೆ ಕಾಣದ ಗಾಲಿ ಕಿರುಗುಟ್ಟಿ ತನ್ನ ಕಷ್ಟವನ್ನು ಊರಿಗೆಲ್ಲ ಸಾರುತ್ತಿತ್ತು. ಇಂದಿನ ಕಾರಿಗೆ ಆ ಗುಣವಿಲ್ಲ. ಅದರೊಳಗಿನ ಸವೆತ ಸದ್ದಿಲ್ಲದೆ ನಡೆಯುತ್ತದೆ. ಸದ್ದು ಕೇಳಿಸುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆದುದರಿಂದ ಕಿವಿಯನ್ನು ನಂಬುವುದರ ಬದಲು ಲೆಕ್ಕವನ್ನು ನಂಬಬೇಕು. ಹತ್ತು ಹನ್ನೆರಡು ವರ್ಷ ದಾಟಿದ ಕಾರುಳ್ಳ ಮನೆಗಳಿಗೆ ಆ ಲೆಕ್ಕವನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಎಲೆಕ್ಟ್ರಾನಿಕ್ ಸಿಟಿಯ ಕಡೆಯವರಿಗೆ ಈ ಲೆಕ್ಕ ಇತರರಿಗಿಂತ ಹೆಚ್ಚು ಬೇಕಾದದ್ದು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಈ ಕೈಗಾರಿಕಾ ನಗರವನ್ನು ಆರಂಭಿಸಿತು. 2010ರಲ್ಲಿ ಸಿಲ್ಕ್ ಬೋರ್ಡಿನ ಕಡೆಯಿಂದ ಇಲ್ಲಿಗೆ ಸುಮಾರು 10 ಕಿಲೋಮೀಟರು ಉದ್ದದ ಮೇಲುಸೇತುವೆ ಬಂತು; 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗವೂ ಬಂತು. ಆದರೂ ಸಿಲ್ಕ್ ಬೋರ್ಡಿನ ಬಳಿ ನಿಂತು ನಿಂತು ಸಾಗುವ ಕಾರುಗಳ ಸಾಲು ಇನ್ನೂ ಕರಗಿಲ್ಲ. ಅಲ್ಲಿ ಅರ್ಧ ಗಂಟೆ ಎಂಜಿನ್ ಉರಿದರೂ ಕಿಲೋಮೀಟರಿನ ಮುಳ್ಳು ಅಲುಗುವುದು ಎಷ್ಟು? ದೂರ ಓಡದಿದ್ದರೂ ಎಂಜಿನ್ ದುಡಿದಿದೆ, ಕಾದಿದೆ, ಸವೆದಿದೆ. ಕಾರಿನ ಕೈಪಿಡಿಗಳಲ್ಲಿ ಇಂಥ ಓಟವನ್ನು ಕಠಿಣ ಬಳಕೆಯೆಂದೇ ಬೇರೆಯಾಗಿ ಹೇಳಿ, ಸರ್ವಿಸಿನ ಅವಧಿಯನ್ನು ಕಡಿಮೆ ಮಾಡಿರುತ್ತಾರೆ. ಕಟ್ಟಡ ಕೆಲಸದ ಧೂಳನ್ನೂ ಇದಕ್ಕೆ ಸೇರಿಸಿಕೊಳ್ಳಿ. ಏರ್ ಫಿಲ್ಟರ್ ಕಟ್ಟಿಕೊಂಡರೆ ಕಾರಿಗೆ ಉಸಿರು ಕಟ್ಟಿದಂತೆಯೇ ಸರಿ.

ಸಂಸ್ಕೃತದಲ್ಲಿ ಸ್ನೇಹವೆಂಬ ಮಾತಿಗೆ ಎಣ್ಣೆಯೆಂಬ ಅರ್ಥವೂ ಉಂಟು, ಅಕ್ಕರೆಯೆಂಬ ಅರ್ಥವೂ ಉಂಟು. ಎರಡರ ಕೆಲಸವೂ ಒಂದೇ: ಒಂದಕ್ಕೊಂದು ತಾಗಿ ಬಾಳಬೇಕಾದವು ಉಜ್ಜಿ ಸವೆಯದಂತೆ ನೋಡಿಕೊಳ್ಳುವುದು. ಎಂಜಿನ್ ಆಯಿಲು ಇದರ ಜೊತೆಗೆ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿಯುವ ಶಕ್ತಿಗೂ ಒಂದು ಮಿತಿಯುಂಟಷ್ಟೆ. ಸಾಮಾನ್ಯವಾಗಿ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಅನೇಕ ಕಾರುಗಳಿಗೆ ಹೇಳಿರುವ ಗಡುವು. ನಮ್ಮ ರಸ್ತೆಗಳ ಕಠಿಣ ಬಳಕೆಗೆ ಅದರ ಅರ್ಧಕ್ಕೇ ಬದಲಿಸುವುದು ಕ್ಷೇಮ. ಕಾರು ಓಡಲಿಲ್ಲವೆಂದು ವರ್ಷದ ಗಡುವನ್ನು ಮರೆಯಬಾರದು. ಆಯಿಲಿನ ಜೊತೆಯಲ್ಲೇ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಸ್ನಾನ ಮಾಡಿ ಕೊಳೆಬಟ್ಟೆಯನ್ನೇ ಉಟ್ಟುಕೊಳ್ಳುವವರುಂಟೆ?

ಹಳೆಯ ಎಂಜಿನ್ ಸ್ವಲ್ಪ ಆಯಿಲನ್ನು ಸುಟ್ಟುಕೊಳ್ಳುವುದುಂಟು. ಆದುದರಿಂದ ವಾರಕ್ಕೊಮ್ಮೆ ಸಮನೆಲದ ಮೇಲೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು, ಅಳತೆಯ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಅದ್ದಿ ನೋಡಿ. ಆಯಿಲು ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ದಾಟಿದರೂ ಕೇಡೇ. ಅದು ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ಸಂಶಯಪಡಬೇಕು. ಆಮೇಲೆ ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಬೇಕು.

ಇನ್ನು ರೇಡಿಯೇಟರಿನ ವಿಷಯ. "ನಮ್ಮೂರಿನಲ್ಲಿ ಹಿಮ ಬೀಳುತ್ತದೆಯೇ? ನೀರು ಸಾಲದೇ, ಕೂಲೆಂಟ್ ಏತಕ್ಕೆ?" ಎಂದು ಕೇಳುವ ಯಜಮಾನರು ಬಹಳ ಮಂದಿ. ಅದಕ್ಕೆ ಉತ್ತರ ಅವರ ಬಚ್ಚಲುಮನೆಯಲ್ಲೇ ಇದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣದ ಪದರ ಕಟ್ಟುವುದನ್ನು ತಾವು ನೋಡಿಲ್ಲವೆ? ಆ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟು ನೀರಿಗಿಂತ ತಡವಾಗಿ ಕುದಿಯುವುದಲ್ಲದೆ, ತುಕ್ಕು ಹಿಡಿಯದಂತೆ ತಡೆಯುವ ಮದ್ದನ್ನೂ ಒಳಗೊಂಡಿರುತ್ತದೆ. ಆ ಮದ್ದು ಕಾಲಕ್ರಮದಲ್ಲಿ ತೀರಿಹೋಗುವುದರಿಂದ ಕೈಪಿಡಿಯ ಅವಧಿಗೆ ಸರಿಯಾಗಿ ಅದನ್ನೂ ಬದಲಿಸಬೇಕು. ರಬ್ಬರ್ ಕೊಳವೆಗಳು ಉಬ್ಬಿವೆಯೇ, ಬಿರಿದಿವೆಯೇ ಎಂದು ಆಗಲೇ ನೋಡಿಸಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮೇಲುಸೇತುವೆಯ ನಟ್ಟನಡುವೆ ಬಿಸಿಯ ಮುಳ್ಳು ಏರತೊಡಗಿದರೆ, "ಇಳಿದ ಮೇಲೆ ನೋಡೋಣ" ಎನ್ನದೆ ಅಂಚಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಅಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಎಂಜಿನ್ನನ್ನೇ ತೆರಬೇಕಾದೀತು.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಮರೆಯುವಂಥದು, ಬ್ರೇಕ್ ಆಯಿಲು. ಇದು ಗಾಳಿಯ ತೇವವನ್ನು ಹೀರುವ ದ್ರವ; ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವಂತೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂದು ನಿಯಮ. ನೂರಕ್ಕೆ ನಾಲ್ಕು ಪಾಲಿನ ಹತ್ತಿರ ನೀರು ಸೇರಿತೆಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಊರಿನೊಳಗೆ ಇದರ ತೊಂದರೆ ತೋರದು. ಅದೇ ಕಾರಿನಲ್ಲಿ ರಜೆಗೆಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತೇವೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿಯುತ್ತ ಬ್ರೇಕನ್ನು ಒತ್ತಿಹಿಡಿಯುತ್ತೇವೆ. ಬ್ರೇಕು ಕಾದು ಆಯಿಲು ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ದ್ರವ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆವಿ ತಾನೇ ಕುಗ್ಗಿಬಿಡುತ್ತದೆ. ಪೆಡಲು ಕಾಲಿನ ಕೆಳಗೆ ಮೆತ್ತಗೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆ ಆಯಿಲನ್ನು ಪೂರಾ ಬದಲಿಸಿ, ಒಳಗಿನ ಗಾಳಿ ತೆಗೆಸಿ. ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಿರಿ. ಬ್ರೇಕಿಗೆ ಬೇರೆ ಯಾವ ಎಣ್ಣೆಯನ್ನೂ ಬೆರೆಸಬಾರದು. ಒಳಗಿನ ರಬ್ಬರು ಊದಿ ಕೆಡುತ್ತದೆ.

ಗೇರ್ ಆಯಿಲಿಗೂ ಪವರ್ ಸ್ಟಿಯರಿಂಗಿನ ಆಯಿಲಿಗೂ ಅವಧಿ ಉದ್ದ; ಉದ್ದವೆಂದರೆ ಶಾಶ್ವತವೆಂದಲ್ಲ. ಟೈಮಿಂಗ್ ಬೆಲ್ಟ್ ಉಳ್ಳ ಎಂಜಿನ್ನಾದರೆ ಅದರ ಗಡುವನ್ನು ಮೀರಲೇಬಾರದು. ಅನೇಕ ಎಂಜಿನ್ನುಗಳಲ್ಲಿ ಬೆಲ್ಟು ಹರಿದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಲ್ಲವೂ ಹಾಳಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನುಗ್ಗಿ ಕಾರುಗಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. ನೀರಿನಲ್ಲಿ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡಿ ನೋಡಬೇಡಿ. ಎಳೆಸಿಕೊಂಡು ಹೋಗಿ, ಎಲ್ಲ ಆಯಿಲುಗಳನ್ನೂ ತೆಗೆಸಿ ನೋಡಿಸಿ.

ತೆಗೆದ ಆಯಿಲು ಎಲ್ಲಿ ಹೋಗಬೇಕು? 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲು ಅಪಾಯಕಾರಿ ತ್ಯಾಜ್ಯ. ಅದನ್ನು ಅನುಮತಿ ಪಡೆದ ಮರುಸಂಸ್ಕರಣೆಯವರಿಗೇ ತಲುಪಿಸಬೇಕು. ಚರಂಡಿಗೆ ಚೆಲ್ಲಿದ್ದು ದೊಡ್ಡತೋಗೂರಿನ ಕೆರೆಗೋ ವೀರಸಂದ್ರದ ಕೆರೆಗೋ ಸೇರೀತು. ಕೂಲೆಂಟಿಗಂತೂ ಸಿಹಿರುಚಿ, ವಿಷವೆಂದರಿಯದ ನಾಯಿಗಳೂ ಮಕ್ಕಳೂ ಅದನ್ನು ನೆಕ್ಕುವ ಅಪಾಯವಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಗ್ಯಾರೇಜು ಇಟ್ಟಿದ್ದಾನೆ. "ಮೇಷ್ಟ್ರೇ, ಗಾಡಿ ನಿಂತ ಮೇಲೆ ಎಲ್ಲರೂ ಬರ್ತಾರೆ. ನಿಲ್ಲೋಕೆ ಮುಂಚೆ ಬರೋರು ಎಷ್ಟು ಜನ ಹೇಳಿ?" ಎಂದು ಒಮ್ಮೆ ಕೇಳಿದ. ಆಯಿಲು ಬದಲಾವಣೆಗೆ ಕೆಲವು ಸಾವಿರ ರೂಪಾಯಿ ಸಾಕು. ಎಂಜಿನ್ ಬಿಚ್ಚಿ ಕಟ್ಟಲು ಹತ್ತಾರು ಸಾವಿರ ಬೇಕು. ಎಲ್ಲ ಹಳೆಯ ಕಾರುಗಳನ್ನೂ ಉಳಿಸಲೇಬೇಕೆಂದು ನನ್ನ ಮತವಲ್ಲ. ತಳಕಟ್ಟೇ ತುಕ್ಕು ತಿಂದಿದ್ದರೆ ಬೀಳ್ಕೊಡುವುದೇ ವಿವೇಕ. ಆದರೆ 15 ವರ್ಷಕ್ಕೆ ನೋಂದಣಿ ಮುಗಿದ ಸ್ವಂತ ಕಾರನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಲು ಕರ್ನಾಟಕದಲ್ಲಿ ಅವಕಾಶವಿದೆ. ಆ ತಪಾಸಣೆಗೆ ಹೆದರದೆ ಹೋಗುವ ಕಾರು, ನಡುವಣ ವರ್ಷಗಳಲ್ಲಿ ಆರೈಕೆ ಪಡೆದ ಕಾರು.

ಕೊನೆಯದಾಗಿ, ಕಾರಿನ ಪೆಟ್ಟಿಗೆಯಲ್ಲಿ ಎರಡು ರೂಪಾಯಿ ಚಿಲ್ಲರೆಯ ಜೊತೆಗೆ ಒಂದು ಸಣ್ಣ ಪುಸ್ತಕವೂ ಇರಲಿ. ಯಾವ ಆಯಿಲು, ಯಾವ ದಿನ, ಎಷ್ಟು ಕಿಲೋಮೀಟರಿಗೆ ಎಂದು ಮೂರು ಕಲಮುಗಳನ್ನು ಎಳೆಯಿರಿ. ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿ. ಅವರು ಬರೆಯುವ ಲೆಕ್ಕ ಅವರದೇ ಪ್ರಾಣರಕ್ಷಣೆಯ ಲೆಕ್ಕ.