ಕದಲದ ಚಿತ್ರಗಳಲ್ಲಿ ಒಂದು ಪ್ರಳಯ



ಲೋಕವಿನಾಶದ ಕಥೆ ಮನುಷ್ಯನಿಗೆ ಹೊಸದಲ್ಲ. ಮನುವನ್ನೂ ಸಪ್ತರ್ಷಿಗಳನ್ನೂ ಸಕಲ ಬೀಜಗಳನ್ನೂ ಹೊತ್ತ ನಾವೆಯನ್ನು ಮತ್ಸ್ಯಾವತಾರಿಯು ಪ್ರಳಯಜಲದ ಮೇಲೆ ಎಳೆದೊಯ್ದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಯೆಹೂದ್ಯರ ಧರ್ಮಗ್ರಂಥದಲ್ಲಿ ನೋಹನ ನಾವೆಯ ವೃತ್ತಾಂತವಿದೆ. ಅಲ್ಲೆಲ್ಲ ಪ್ರಳಯವನ್ನು ಕಳುಹಿಸುವವನೂ ಅದರಿಂದ ಪಾರುಗಾಣಿಸುವವನೂ ದೇವರೇ ಆಗಿದ್ದನು. 1945ರ ಆಗಸ್ಟ್ ತಿಂಗಳಲ್ಲಿ ಹಿರೋಷಿಮಾ ನಾಗಸಾಕಿಗಳು ಉರಿದುಹೋದ ಬಳಿಕ ಮನುಷ್ಯನು ಪ್ರಳಯದ ಅಧಿಕಾರವನ್ನು ತನ್ನ ಕೈಗೇ ತೆಗೆದುಕೊಂಡನು. ಆದರೆ ನಾವೆಯೊಂದನ್ನು ಕಟ್ಟುವ ಬಗೆ ಮಾತ್ರ ಅವನಿಗೆ ತಿಳಿದಿರಲಿಲ್ಲ. ಈ ಭೀತಿಗೆ ರೂಪ ಕೊಡಲು ಮುಂದಾದ ಕಲೆಗಳಲ್ಲಿ ಸಿನಿಮಾ ಮೊದಲ ಸಾಲಿನದು. ಅಮೆರಿಕದ ಜಾರ್ಜ್ ಪಾಲ್ ಅವರು 1951ರಲ್ಲಿ ನಿರ್ಮಿಸಿದ ‘ವೆನ್ ವರ್ಲ್ಡ್ಸ್ ಕೊಲೈಡ್’ ಚಿತ್ರದಲ್ಲಿ ಆಕಾಶಗೋಳವೊಂದು ಭೂಮಿಗೆ ಅಪ್ಪಳಿಸುವುದಕ್ಕೆ ಮೊದಲೇ ಆಯ್ದ ಕೆಲವು ಮಂದಿಯನ್ನು ಹೊತ್ತು ರಾಕೆಟ್ಟೊಂದು ಬೇರೊಂದು ಗ್ರಹಕ್ಕೆ ಹಾರುತ್ತದೆ. ನೋಹನ ನಾವೆಗೆ ಅಲ್ಲಿ ಲೋಹದ ಮೈ ಬಂದಿದೆ. ಅದರ ತಂತ್ರಕೌಶಲಕ್ಕೆ ಆಸ್ಕರ್ ಪ್ರಶಸ್ತಿ ದೊರೆತದ್ದು ನ್ಯಾಯವೇ. ನಾನು ಈ ಸಂಜೆ ಮಾತನಾಡಬೇಕೆಂದಿರುವುದಾದರೋ ರಾಕೆಟ್ಟೂ ಇಲ್ಲದ, ಗ್ರಹಾಂತರವೂ ಇಲ್ಲದ, ನಿಜವಾಗಿ ನೋಡಿದರೆ ಚಲನೆಯೇ ಇಲ್ಲದ ಒಂದು ಚಲನಚಿತ್ರವನ್ನು ಕುರಿತು.

ಅದು ಫ್ರಾನ್ಸಿನ ಕ್ರಿಸ್ ಮಾರ್ಕರ್ ಅವರು 1962ರಲ್ಲಿ ತಯಾರಿಸಿದ ‘ಲಾ ಜೆತೇ’. ಅವಧಿ ಕೇವಲ 28 ನಿಮಿಷ. ಆರಂಭದ ಶೀರ್ಷಿಕೆಯಲ್ಲಿಯೇ ನಿರ್ದೇಶಕರು ತಮ್ಮ ಕೃತಿಯನ್ನು ಛಾಯಾಚಿತ್ರಗಳ ಕಾದಂಬರಿಯೆಂದು ಕರೆದಿದ್ದಾರೆ. ಆ ವರ್ಣನೆ ಅಕ್ಷರಶಃ ನಿಜ. ಸಾಮಾನ್ಯ ಪೆಂಟ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಸ್ಥಿರಚಿತ್ರಗಳನ್ನು ಒಂದರ ಹಿಂದೊಂದು ಜೋಡಿಸಿ, ಕೆಲವನ್ನು ಹೆಚ್ಚು ಹೊತ್ತು ನಿಲ್ಲಿಸಿ, ಕೆಲವನ್ನು ಥಟ್ಟನೆ ಕತ್ತರಿಸಿ, ಕೆಲವನ್ನು ಮೆಲ್ಲನೆ ಒಂದರೊಳಗೊಂದು ಕರಗಿಸಿ, ಅವುಗಳ ಮೇಲೆ ಒಬ್ಬನೇ ನಿರೂಪಕನ ಶಾಂತವಾದ ಧ್ವನಿಯನ್ನು ಹರಿಸಿದರೆ ಏನಾಗಬಹುದೋ ಅದೇ ಈ ಚಿತ್ರ. ಸಿನಿಮಾ ತೆಗೆಯುವ ಕ್ಯಾಮೆರಾವನ್ನು ಮಾರ್ಕರ್ ಅವರು ಒಂದು ಗಂಟೆಯ ಮಟ್ಟಿಗೆ ಮಾತ್ರ ಎರವಲು ಪಡೆದಿದ್ದರು. ಆ ಒಂದು ಗಂಟೆಯಲ್ಲಿ ಏನನ್ನು ತೆಗೆದರೆಂಬುದನ್ನು ಮುಂದೆ ಹೇಳುತ್ತೇನೆ.

ಆ ವರ್ಷದ ಫ್ರಾನ್ಸನ್ನು ನೆನೆದುಕೊಳ್ಳದೆ ಈ ಕೃತಿಯ ಒಳಗನ್ನು ಅರಿಯುವುದು ಕಷ್ಟ. 1960ರ ಫೆಬ್ರವರಿಯಲ್ಲಿ ಫ್ರಾನ್ಸ್ ಸಹಾರಾ ಮರುಭೂಮಿಯಲ್ಲಿ ತನ್ನ ಮೊದಲ ಪರಮಾಣು ಬಾಂಬನ್ನು ಸ್ಫೋಟಿಸಿ ಪ್ರಳಯಾಧಿಕಾರಿಗಳ ಪಂಕ್ತಿಗೆ ಸೇರಿತ್ತು. ಚಿತ್ರಹಿಂಸೆಯ ಕಳಂಕವನ್ನು ಹೊತ್ತ ಆಲ್ಜೀರಿಯಾದ ಯುದ್ಧ 1962ರ ಮಾರ್ಚ್ ತಿಂಗಳಲ್ಲಿ ಏವಿಯಾಂ ಒಪ್ಪಂದದಿಂದ ನಿಂತಿತ್ತು. ಆ ಮೇ ತಿಂಗಳಲ್ಲಿ ಮಾರ್ಕರ್ ಅವರು ‘ಲ ಜೋಲಿ ಮೇ’ ಎಂಬ ಸಾಕ್ಷ್ಯಚಿತ್ರಕ್ಕಾಗಿ ಪ್ಯಾರಿಸ್ಸಿನ ಬೀದಿಬೀದಿಗಳಲ್ಲಿ ನಿಂತು, ದರ್ಜಿಯನ್ನೂ ವ್ಯಾಪಾರಿಯನ್ನೂ ಪ್ರೇಮಿಗಳನ್ನೂ ಮಾತನಾಡಿಸಿ, ನಿಮಗೆ ಸುಖವಿದೆಯೇ ಎಂದು ವಿಚಾರಿಸುತ್ತಿದ್ದರು. ಅದರ ಬಿಡುವಿನ ವೇಳೆಯಲ್ಲಿಯೇ ‘ಲಾ ಜೆತೇ’ಯ ಚಿತ್ರಗಳನ್ನು ತೆಗೆದರು. ಹಗಲೆಲ್ಲ ಜೀವಂತವಾದ ಪ್ಯಾರಿಸ್ಸಿನ ಕುಶಲವನ್ನು ಕೇಳುತ್ತಿದ್ದವರೇ ವಿರಾಮದಲ್ಲಿ ಅದೇ ಪ್ಯಾರಿಸ್ಸಿನ ಮರಣಾನಂತರದ ಕಥೆಯನ್ನು ಬರೆದರು. ನನಗೆ ಈ ಎರಡು ಚಿತ್ರಗಳು ಬೇರೆ ಬೇರೆಯೆನಿಸುವುದಿಲ್ಲ. ನಗರವೊಂದನ್ನು ಅಷ್ಟು ಪ್ರೀತಿಸಿದವರಿಗೆ ಮಾತ್ರ ಅದರ ನಾಶವನ್ನು ಅಷ್ಟು ಸಂಕಟದಿಂದ ಕಲ್ಪಿಸಿಕೊಳ್ಳುವುದು ಸಾಧ್ಯ.

ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. ಪ್ಯಾರಿಸ್ಸಿನ ತಂದೆತಾಯಿಗಳು ಭಾನುವಾರಗಳಂದು ಮಕ್ಕಳನ್ನು ಓರ್ಲಿ ವಿಮಾನನಿಲ್ದಾಣಕ್ಕೆ ಕರೆದೊಯ್ದು ವಿಮಾನಗಳು ಹಾರುವುದನ್ನು ತೋರಿಸುತ್ತಿದ್ದ ಕಾಲವದು. ಅಲ್ಲಿನ ಉದ್ದನೆಯ ಕಟ್ಟೆಯ ಮೇಲೆ ಒಬ್ಬ ಬಾಲಕ ಒಬ್ಬ ಯುವತಿಯ ಮುಖವನ್ನು ಕಾಣುತ್ತಾನೆ. ಮರುಕ್ಷಣವೇ ಗದ್ದಲ, ಆಕೆಯ ಕೈಯ ಚಲನೆ, ಕುಸಿದುಬೀಳುವ ಒಂದು ದೇಹ. ತಾನು ಕಂಡದ್ದು ಒಬ್ಬ ಮನುಷ್ಯನ ಸಾವೆಂಬುದು ಅವನಿಗೆ ಬಹಳ ಕಾಲದ ಮೇಲೆ ಅರ್ಥವಾಗುತ್ತದೆ. ಅಷ್ಟರಲ್ಲಿ ಮೂರನೆಯ ಮಹಾಯುದ್ಧ ಬರುತ್ತದೆ, ಪ್ಯಾರಿಸ್ ಅಳಿಯುತ್ತದೆ. ಭೂಮಿಯ ಮೇಲ್ಮೈ ವಿಕಿರಣದಿಂದ ವಾಸಯೋಗ್ಯವಲ್ಲವಾಗಿ, ಉಳಿದವರು ಶಾಯೋ ಅರಮನೆಯ ಅಡಿಯ ಸುರಂಗಗಳಲ್ಲಿ ಇಲಿಗಳ ನಡುವೆ ಬದುಕುತ್ತಾರೆ. ಗೆದ್ದವರೆಂದು ಕರೆದುಕೊಳ್ಳುವವರು ಸೋತವರನ್ನು ಪ್ರಯೋಗಗಳಿಗೆ ಒಡ್ಡುತ್ತಾರೆ. ದೇಶದ ದಾರಿ ಮುಚ್ಚಿಹೋಗಿರುವುದರಿಂದ ಅನ್ನ, ಔಷಧ, ಶಕ್ತಿಗಳನ್ನು ತರಲು ಕಾಲದ ದಾರಿಯೊಂದೇ ಉಳಿದಿದೆ. ಕಾಲದೊಳಕ್ಕೆ ಕಳುಹಿಸಲ್ಪಟ್ಟವರಲ್ಲಿ ಕೆಲವರು ಸತ್ತರು, ಕೆಲವರಿಗೆ ಬುದ್ಧಿ ಕೆಟ್ಟಿತು. ಆಗ ಪ್ರಯೋಗಕಾರರ ದೃಷ್ಟಿ ಬೀಳುವುದು ಬಾಲ್ಯದ ಆ ಒಂದು ಮುಖವನ್ನು ಬಿಡದೆ ಹಿಡಿದುಕೊಂಡಿರುವ ನಮ್ಮ ಕಥಾನಾಯಕನ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಾಲ್ ಅವರ ಚಿತ್ರದಲ್ಲಿ ರಾಕೆಟ್ಟನ್ನು ಹತ್ತುವವರನ್ನು ಆರಿಸುವುದು ಚೀಟಿಯೆತ್ತಿ. ಮಾರ್ಕರ್ ಅವರ ಚಿತ್ರದಲ್ಲಿ ಆಯ್ಕೆಗೆ ಕಾರಣ ಅದೃಷ್ಟವಲ್ಲ, ದೇಹಬಲವೂ ಅಲ್ಲ, ವಿದ್ಯೆಯೂ ಅಲ್ಲ. ಒಂದು ಚಿತ್ರವನ್ನು ಗಾಢವಾಗಿ ನೆನೆಯಬಲ್ಲ ಶಕ್ತಿ. ಲೋಕ ಅಳಿದ ಮೇಲೆ ಉಳಿದವನ ಕೈಯಲ್ಲಿ ಇರುವುದು ಲೋಕವಲ್ಲ, ಅದರ ಬಿಡಿಬಿಡಿಯಾದ ಚಿತ್ರಗಳು. ಅವು ಓಡುವುದಿಲ್ಲ, ನಿಂತೇ ಇರುತ್ತವೆ. ಹೀಗಿರುವಾಗ ಸ್ಥಿರಚಿತ್ರಗಳಲ್ಲದೆ ಬೇರೆ ಯಾವ ಮಾಧ್ಯಮ ಈ ಕಥೆಗೆ ತಕ್ಕುದಾದೀತು? ಹಣವಿದ್ದಿದ್ದರೆ ಮಾರ್ಕರ್ ಅವರು ಚಲಿಸುವ ಚಿತ್ರವನ್ನೇ ತೆಗೆಯುತ್ತಿದ್ದರೋ ಏನೋ. ಹಾಗೆ ತೆಗೆದಿದ್ದರೆ ಈ ಕೃತಿ ಹುಟ್ಟುತ್ತಿರಲಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಬಡತನವನ್ನು ಮರೆಮಾಡಿ ಸಿರಿವಂತಿಕೆಯ ವೇಷ ಹಾಕುವ ಚಿತ್ರಗಳು ಅನೇಕ. ತನ್ನ ಬಡತನಕ್ಕೆ ಒಪ್ಪುವ ಕಥೆಯನ್ನೇ ಆರಿಸಿಕೊಂಡು ಅದನ್ನು ರೂಪವನ್ನಾಗಿ ಮಾಡಿಕೊಂಡ ಚಿತ್ರಗಳು ಅತಿ ವಿರಳ. ತಾಳಮದ್ದಳೆಯ ಕೂಟದಲ್ಲಿ ವೇಷವೂ ಕುಣಿತವೂ ಇಲ್ಲದೆ ಅರ್ಥಧಾರಿಯು ಕುಳಿತಲ್ಲಿಂದಲೇ ಕುರುಕ್ಷೇತ್ರವನ್ನು ಕಟ್ಟುವಂತೆ, ಇಲ್ಲಿ ಜಾಂ ನೆಗ್ರೋನಿ ಅವರ ಧ್ವನಿಯು ಕದಲದ ಚಿತ್ರಗಳ ಹಿಂದೆ ನಿಂತು ಅಳಿದ ನಗರವೊಂದನ್ನು ನಮ್ಮಿಂದಲೇ ಕಟ್ಟಿಸುತ್ತದೆ.

ಧ್ವನಿಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಪ್ರಯೋಗ ನಡೆಯುವಾಗ ಹೃದಯದ ಬಡಿತ ಕೇಳಿಬರುತ್ತದೆ. ಅದರ ಜೊತೆಗೆ ಪ್ರಯೋಗಕಾರರ ಪಿಸುಮಾತು, ಅದೂ ಜರ್ಮನ್ ಭಾಷೆಯಲ್ಲಿ. ಕೇವಲ ಹದಿನೆಂಟು ವರ್ಷಗಳ ಹಿಂದೆ ನಾಜಿಗಳ ಆಕ್ರಮಣದಿಂದ ಬಿಡುಗಡೆ ಪಡೆದಿದ್ದ ಪ್ಯಾರಿಸ್ಸಿನ ಪ್ರೇಕ್ಷಕರಿಗೆ ಆ ಪಿಸುಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಾಜಿ ಶಿಬಿರಗಳನ್ನು ಕುರಿತು ಅಲೆನ್ ರೆನೆ ಅವರು ತೆಗೆದ ‘ನೈಟ್ ಅಂಡ್ ಫಾಗ್’ ಚಿತ್ರದಲ್ಲಿ ಮಾರ್ಕರ್ ಅವರು ಸಹಾಯಕರಾಗಿ ದುಡಿದಿದ್ದವರು. ಭವಿಷ್ಯದ ಕಥೆಯೆಂದು ತೋರುವುದು ಅವರ ಪಾಲಿಗೆ ನಡೆದುಹೋದ ಚರಿತ್ರೆಯೇ ಆಗಿತ್ತು.

ನಾಯಕನು ಭೂತಕಾಲವನ್ನು ತಲುಪಿದಾಗ ಮೊದಲು ಕಾಣುವುದು ಶಾಂತಿಕಾಲದ ಒಂದು ಬೆಳಗು, ನಿಜವಾದ ಮಕ್ಕಳು, ನಿಜವಾದ ಹಕ್ಕಿಗಳು, ನಿಜವಾದ ಬೆಕ್ಕುಗಳು. ನಾವು ದಿನವೂ ನೋಡಿಯೂ ನೋಡದಿರುವ ಈ ಪದಾರ್ಥಗಳ ಹಿಂದೆ ‘ನಿಜವಾದ’ ಎಂಬ ವಿಶೇಷಣ ಬಂದೊಡನೆ ಎದೆ ಕಲಕುತ್ತದೆ. ಆತನಿಗೆ ಆ ಯುವತಿ ದೊರೆಯುತ್ತಾಳೆ. ಇಬ್ಬರೂ ಉದ್ಯಾನವೊಂದರಲ್ಲಿ ಅಡ್ಡಲಾಗಿ ಕೊಯ್ದ ಸಿಕ್ವೋಯಾ ಮರದ ಕಾಂಡದ ಎದುರು ನಿಲ್ಲುತ್ತಾರೆ; ಅದರ ವರ್ಷವಲಯಗಳ ಮೇಲೆ ಚರಿತ್ರೆಯ ತೇದಿಗಳಿವೆ. ಆತನು ಮರದ ಅಂಚಿನಾಚೆಗೆ, ಬರಿಯ ಗಾಳಿಯಲ್ಲಿ, ಬೆರಳಿಟ್ಟು ತಾನು ಬಂದದ್ದು ಅಲ್ಲಿಂದ ಎನ್ನುತ್ತಾನೆ. 1958ರಲ್ಲಿ ತೆರೆಕಂಡ ಹಿಚ್‌ಕಾಕ್ ಅವರ ‘ವರ್ಟಿಗೋ’ ಚಿತ್ರದ ದೃಶ್ಯವೊಂದಕ್ಕೆ ಸಲ್ಲಿಸಿದ ಗೌರವವಿದು. ಆದರೆ ಹಿಚ್‌ಕಾಕ್ ಅವರಲ್ಲಿ ಬೆರಳು ಮರದ ಮೇಲೆಯೇ ಉಳಿಯುತ್ತದೆ.

ಈಗ ಆ ಎರವಲು ಕ್ಯಾಮೆರಾದ ಮಾತು. ಯುವತಿ ನಿದ್ರಿಸುತ್ತಿದ್ದಾಳೆ. ದಿಂಬಿನ ಮೇಲೆ ಆಕೆಯ ಮುಖದ ಚಿತ್ರ. ಅದು ಕರಗಿ ಇನ್ನೊಂದು ಚಿತ್ರ, ತಲೆ ಕೊಂಚ ಹೊರಳಿದೆ. ಅದೂ ಕರಗಿ ಮತ್ತೊಂದು. ನಿರೂಪಕನು ಮೌನವಾಗಿದ್ದಾನೆ. ಹಕ್ಕಿಗಳ ದನಿ ಏರುತ್ತಾ ಏರುತ್ತಾ ಕಿವಿಯನ್ನು ತುಂಬುತ್ತದೆ. ಚಿತ್ರಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಅಂತರ ಕುಗ್ಗುತ್ತದೆ. ಎಲ್ಲಿ ಸ್ಥಿರಚಿತ್ರ ಮುಗಿದು ಚಲನೆ ಆರಂಭವಾಯಿತೆಂದು ಕಣ್ಣು ಗುರುತಿಸುವುದಕ್ಕೆ ಮೊದಲೇ ಆಕೆ ಕಣ್ಣು ತೆರೆದು, ನಮ್ಮ ಕಡೆಗೆ ನೋಡಿ, ರೆಪ್ಪೆ ಬಡಿಯುತ್ತಾಳೆ. ಕೆಲವೇ ಸೆಕೆಂಡುಗಳು. ಕೂಡಲೇ ಪ್ರಯೋಗಕಾರನ ಮುಖ ತೆರೆಯನ್ನು ಆಕ್ರಮಿಸುತ್ತದೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳನ್ನು ಓಡಿಸುವ ಯಂತ್ರವು ದಿನವೂ ಮಾಡುವ ಕೆಲಸವೇ ಇದು. ಸಾವಿರಾರು ಚಿತ್ರಗಳಲ್ಲಿ ಸಾವಿರಾರು ಮಂದಿ ರೆಪ್ಪೆ ಬಡಿದಿದ್ದಾರೆ. ಆದರೂ ಒಬ್ಬ ಮನುಷ್ಯಜೀವಿ ಎಚ್ಚರಗೊಳ್ಳುವುದು ಎಂಥ ಅದ್ಭುತವೆಂಬುದನ್ನು ಹೀಗೆ ಕಾಣಿಸಿದ ಚಿತ್ರ ಇನ್ನೊಂದನ್ನು ನಾನು ಕಂಡಿಲ್ಲ.

ಇಡೀ ಕೃತಿ ಒಂದೇ ಎತ್ತರದಲ್ಲಿದೆಯೆಂದು ಹೇಳಲಾರೆ. ನಾಯಕನು ಭವಿಷ್ಯಕ್ಕೆ ಹೋಗುವ ಭಾಗ ದುರ್ಬಲವಾದದ್ದು. ಕಪ್ಪು ಹಿನ್ನೆಲೆಯಲ್ಲಿ ತೇಲುವ, ಹಣೆಯಲ್ಲಿ ಬೊಟ್ಟಿನಂಥ ಗುರುತುಳ್ಳ ಮುಖಗಳು ಕಲ್ಪನೆಯ ಬಡತನವನ್ನೇ ತೋರಿಸುತ್ತವೆ. ಆದರೆ ಅಲ್ಲಿ ಒಂದು ವಾದವಿದೆ: ನೀವು ಉಳಿದಿದ್ದೀರಿ, ನಿಮ್ಮ ಉಳಿವಿಗೆ ಬೇಕಾದುದನ್ನು ನಿಮ್ಮದೇ ಭೂತಕಾಲಕ್ಕೆ ನಿರಾಕರಿಸಲಾರಿರಿ ಎಂದು ಆತನು ಹೇಳುತ್ತಾನೆ. ಅವರು ಲೋಕದ ಉದ್ಯಮವನ್ನೆಲ್ಲ ಮತ್ತೆ ಆರಂಭಿಸಬಲ್ಲ ಶಕ್ತಿಯ ಆಕರವನ್ನು ಕೊಡುತ್ತಾರೆ. ಮಾನವಕುಲ ಉಳಿಯುತ್ತದೆ, ಉಳಿಸಿದವನನ್ನು ಪ್ರಯೋಗಕಾರರು ಕೊಲ್ಲಲು ನಿಶ್ಚಯಿಸುತ್ತಾರೆ. ಭವಿಷ್ಯದವರು ತಮ್ಮಲ್ಲಿಗೆ ಕರೆದರೂ ಆತನು ಆ ಸುರಕ್ಷಿತ ಲೋಕವನ್ನು ಒಲ್ಲದೆ, ಯುದ್ಧಪೂರ್ವದ ತನ್ನ ಬಾಲ್ಯದ ಭಾನುವಾರವನ್ನು ಬೇಡುತ್ತಾನೆ. ಓರ್ಲಿಯ ಕಟ್ಟೆಯ ತುದಿಯಲ್ಲಿ ನಿಂತ ಯುವತಿಯತ್ತ ಓಡುವಾಗ, ಶಿಬಿರದಿಂದ ಹಿಂಬಾಲಿಸಿ ಬಂದ ಕೊಲೆಗಾರನನ್ನು ಗುರುತಿಸುತ್ತಾನೆ. ಬಾಲ್ಯದಲ್ಲಿ ತಾನು ಕಂಡದ್ದು ತನ್ನದೇ ಸಾವೆಂದು ತಿಳಿಯುತ್ತಾನೆ.

ಈ ಚಿತ್ರಕ್ಕೆ 1963ರಲ್ಲಿ ಜಾಂ ವಿಗೋ ಪ್ರಶಸ್ತಿ ದೊರೆಯಿತು. 1995ರಲ್ಲಿ ಟೆರಿ ಗಿಲಿಯಮ್ ಅವರು ಇದೇ ಕಥಾಬೀಜವನ್ನು ಬೆಳೆಸಿ, ಸುಮಾರು ಮೂರು ಕೋಟಿ ಡಾಲರುಗಳ ವೆಚ್ಚದಲ್ಲಿ ‘ಟ್ವೆಲ್ವ್ ಮಂಕೀಸ್’ ಚಿತ್ರವನ್ನು ತೆಗೆದರು. ಅದು ಉತ್ತಮ ಚಿತ್ರವೇ. ಆದರೆ ಅಲ್ಲಿ ಎಲ್ಲವೂ ಆದಿಯಿಂದ ಅಂತ್ಯದವರೆಗೆ ಚಲಿಸುತ್ತಲೇ ಇರುವುದರಿಂದ ಆ ಒಂದು ಎಚ್ಚರಕ್ಕೆ ಸ್ಥಳವೇ ಇಲ್ಲ.

ಮಾರ್ಕರ್ ಅವರು 2012ರ ಜುಲೈ 29ರಂದು, ತಮ್ಮ 91ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರ ಈ ಚಿತ್ರವನ್ನು ನನ್ನ ಮಾತು ಮುಗಿದೊಡನೆ ಇದೇ ಸಭಾಂಗಣದಲ್ಲಿ ತೋರಿಸುವ ಏರ್ಪಾಡಾಗಿದೆ. ಸಿನಿಮಾ ಮಾಡಬೇಕೆಂಬ ಹಂಬಲವಿದ್ದೂ ಹಣವಿಲ್ಲವೆಂದು ಕೈಕಟ್ಟಿ ಕುಳಿತ ತರುಣ ತರುಣಿಯರು ಈ ಸಭೆಯಲ್ಲಿದ್ದರೆ, ಅವರು ದಯಮಾಡಿ ಎದ್ದುಹೋಗದೆ, ಮುಂದಿನ ಸಾಲುಗಳಿಗೆ ಬಂದು ಕುಳಿತು, ಪೂರ್ತಿ 28 ನಿಮಿಷ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.